ಲಾಂಗ್, ಪರೋಲ್ ಮತ್ತು ಗಡಿಸೀಮೆಯ ನುಡಿ: ಕನ್ನಡದಲ್ಲಿ ಸಸ್ಯೂರ್ ಪರಿಭಾಷೆಯ ಒಂದು ಮರುವಿಮರ್ಶೆ

ಸಾರಾಂಶ

ಸಸ್ಯೂರ್ ಅವರ ಲಾಂಗಾಜ್, ಲಾಂಗ್, ಪರೋಲ್ ಎಂಬ ಮೂರು ಪರಿಕಲ್ಪನೆಗಳು ಕನ್ನಡದ ಭಾಷಾಶಾಸ್ತ್ರ ತರಗತಿಗೆ ಮುಖ್ಯವಾಗಿ ಇಂಗ್ಲಿಷ್ ಅನುವಾದಗಳ ಮೂಲಕ ಬಂದಿವೆ. ಆ ದಾರಿಯಲ್ಲಿ ಮೂರು ಎರಡಾಗಿವೆ. ಉಳಿದ ಎರಡರಲ್ಲಿ ಲಾಂಗ್ ಎಂಬುದು ‘ಭಾಷೆ’ ಎಂದಾಗಿ, ಪ್ರಮಾಣಭಾಷೆಯ ಅರ್ಥವನ್ನು ಹೊತ್ತುಕೊಂಡಿದೆ. ಇದರ ಪರಿಣಾಮವು ಪರಿಭಾಷೆಗೆ ಸೀಮಿತವಲ್ಲ. ಕನ್ನಡ–ತೆಲುಗು ಗಡಿಸೀಮೆಯ ಮಾತನ್ನು ನಾವು ವಿವರಿಸುವ ಕ್ರಮವನ್ನೇ ಅದು ರೂಪಿಸಿದೆ. ಮಧುಗಿರಿ–ಪಾವಗಡ ಸೀಮೆಯ ಕೆಲವು ಉದಾಹರಣೆಗಳನ್ನು ಮುಂದಿಟ್ಟುಕೊಂಡು, ಮೂರು ಪರಿಕಲ್ಪನೆಗಳಿಗೆ ಕನ್ನಡದಲ್ಲೇ ಇರುವ ಮೂರು ಪದಗಳನ್ನು ಹಂಚಿಕೊಳ್ಳಬಹುದೆಂದೂ, ಗಡಿಸೀಮೆಯ ಅಧ್ಯಯನಕ್ಕೆ ಲಾಂಗ್‌ಗಿಂತ ‘ಮೌಲ್ಯ’ವೇ ಹೆಚ್ಚು ಉಪಯುಕ್ತ ಸಾಧನವೆಂದೂ ಇಲ್ಲಿ ವಾದಿಸುತ್ತೇವೆ.

ಮುಖ್ಯ ಪದಗಳು: ಸಸ್ಯೂರ್, ಲಾಂಗ್, ಪರೋಲ್, ಮೌಲ್ಯ, ದ್ವಿಭಾಷಿಕತೆ, ಕನ್ನಡ–ತೆಲುಗು ಸಂಪರ್ಕ, ಪಾವಗಡ

1. ಎರಡು ಊರ ಹೆಸರುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸೀಮೆಯಿಂದ ಎರಡು ಸ್ಥಳನಾಮಗಳನ್ನು ಆಯ್ದು ಪಕ್ಕಪಕ್ಕದಲ್ಲಿಟ್ಟು ನೋಡೋಣ: ಕೊರಟಗೆರೆ, ರಾಯಚರ್ಲು. ಮೊದಲನೆಯದರ ಉತ್ತರಪದವನ್ನು ‘ಕೆರೆ’ ಎಂದು ಓದಬಹುದು. ಎರಡನೆಯದರ ಉತ್ತರಭಾಗವು ತೆಲುಗಿನ ‘ಚೆರುವು’ ಶಬ್ದದ ಬಹುವಚನವನ್ನು, ಅಂದರೆ ಆಡುಮಾತಿನ ‘ಚೆರ್ಲು’ ರೂಪವನ್ನು ನೆನಪಿಸುತ್ತದೆ. ಕೆರೆ, ಚೆರುವು ಜ್ಞಾತಿಪದಗಳು. ಪೂರ್ವಸ್ವರಗಳ ಮುಂದಿನ ಮೂಲ ಕಕಾರವು ತೆಲುಗಿನಲ್ಲಿ ತಾಲವ್ಯವಾಗಿದೆ, ಕನ್ನಡ ಅದನ್ನು ಹಾಗೆಯೇ ಉಳಿಸಿಕೊಂಡಿದೆ: ಕಿವಿ–ಚೆವಿ, ಗೆಯ್–ಚೇಯು, ಕೆರೆ–ಚೆರುವು. ದ್ರಾವಿಡ ಭಾಷಾವಿಜ್ಞಾನದ ಮೊದಲ ಪಾಠಗಳಲ್ಲೇ ಬರುವ ಧ್ವನಿನಿಯಮವಿದು.

ಸಸ್ಯೂರ್ ಅವರ ವಿಂಗಡಣೆಯ ಪ್ರಕಾರ ಈ ಸಂಬಂಧ ಐತಿಹಾಸಿಕವಾದುದು. ಭಾಷಿಕನಿಗೆ ಅದರ ಅರಿವಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅವನ ಮುಂದಿರುವುದು ಒಂದು ಕಾಲದ, ಒಂದು ನುಡಿಯ ಸ್ಥಿತಿ ಮಾತ್ರ. ಮಂಡ್ಯದ ಏಕಭಾಷಿಕನ ವಿಷಯದಲ್ಲಿ ಈ ಮಾತನ್ನು ಒಪ್ಪಿಕೊಳ್ಳಬಹುದು. ಆದರೆ ಬೆಳಿಗ್ಗೆ ಮನೆಯಲ್ಲಿ ‘ಚೆರುವು’ ಎಂದು, ಮಧ್ಯಾಹ್ನ ಶಾಲೆಯಲ್ಲಿ ‘ಕೆರೆ’ ಎಂದು ಹೇಳುವ ಮಗುವಿನ ವಿಷಯದಲ್ಲಿ? ನಾವು ಇತಿಹಾಸವೆಂದು ಕರೆಯುವ ಜೋಡಿ ಆ ಮಗುವಿನ ಬಾಯಲ್ಲಿ ಒಂದೇ ದಿನದ ವರ್ತಮಾನ. ಆ ಮಗುವಿನ ಲಾಂಗ್ ಯಾವುದು? ಒಂದೋ, ಎರಡೋ? ಈ ಪ್ರಶ್ನೆಯನ್ನು ಕನ್ನಡದಲ್ಲಿ ನೇರವಾಗಿ ಕೇಳಲು ಹೊರಟಾಗಲೇ ನಮ್ಮ ಪರಿಭಾಷೆಯ ತೊಡಕು ಗೋಚರಿಸುತ್ತದೆ.

2. ಮೂರು ಎರಡಾದ ಬಗೆ

ಫ್ರೆಂಚ್ ಭಾಷಾಚಿಂತನೆಗೂ ದಕ್ಷಿಣ ಭಾರತದ ನುಡಿಗಳಿಗೂ ನೇರವಾದ ನಂಟು ಹಳೆಯದು. ತೆಲುಗನ್ನು ಕಲಿತು, ಅದಕ್ಕೆ ನಿಘಂಟನ್ನು ರಚಿಸಿದ ಜೆಸ್ವಿಟ್ ಪಾದ್ರಿ ಕೆರ್ದೂ ಅವರು ಸಂಸ್ಕೃತ, ಲ್ಯಾಟಿನ್, ಗ್ರೀಕ್ ಭಾಷೆಗಳ ಸಾಮ್ಯವನ್ನು ಕುರಿತು 1767ರಲ್ಲೇ ಪ್ಯಾರಿಸಿಗೆ ಬರೆದಿದ್ದರು. ಆ ಬರಹ ಅಚ್ಚಾದದ್ದು 1808ರಲ್ಲಿ. ಮೆಯೆ ಮತ್ತು ಸಿಲ್ವಾ ಲೆವಿ ಅವರ ಶಿಷ್ಯರಾದ ಜೂಲ್ ಬ್ಲಾಕ್ 1946ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣರಚನೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ತಮಿಳು, ಕನ್ನಡ, ತೆಲುಗುಗಳ ಜೊತೆಗೆ ಗೊಂಡಿ, ಕುರುಖ್, ಬ್ರಾಹುಈ ನುಡಿಗಳ ಸಾಮಗ್ರಿಯನ್ನೂ ಅದು ಬಳಸಿಕೊಂಡಿತು. ಅದರ ಇಂಗ್ಲಿಷ್ ಅನುವಾದ 1954ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದಿತು. ಜಿನೀವಾದವರಾದ ಸಸ್ಯೂರ್ ಸಹ 1881ರಿಂದ 1891ರವರೆಗೆ ಪ್ಯಾರಿಸಿನಲ್ಲಿ ಬೋಧಿಸಿದರು. ಅವರ ಪಿಎಚ್.ಡಿ. ಪ್ರಬಂಧದ ವಿಷಯವೇ ಸಂಸ್ಕೃತದ ಸತಿ ಷಷ್ಠಿ ಪ್ರಯೋಗ.

ಹೀಗಿದ್ದರೂ ಸಾಮಾನ್ಯ ಭಾಷಾವಿಜ್ಞಾನದ ಸಸ್ಯೂರ್ ನಮಗೆ ದೊರೆತದ್ದು ಇಂಗ್ಲಿಷಿನ ಮೂಲಕ. ಅವರ ನಿಧನಾನಂತರ, 1916ರಲ್ಲಿ, ಬಾಯಿ ಮತ್ತು ಸೆಶೆಯೆ ಅವರು ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ‘ಕೂರ್’ ಗ್ರಂಥವನ್ನು ಕಟ್ಟಿಕೊಟ್ಟರು. ಇಂಗ್ಲಿಷಿನಲ್ಲಿ ಅದಕ್ಕೆ ಪ್ರಸಿದ್ಧವಾದ ಎರಡು ಅನುವಾದಗಳಿವೆ: 1959ರ ವೇಡ್ ಬ್ಯಾಸ್ಕಿನ್ ಅವರದು, 1983ರ ರಾಯ್ ಹ್ಯಾರಿಸ್ ಅವರದು. ಫ್ರೆಂಚಿನಲ್ಲಿ ಮೂರು ಪದಗಳಿವೆ. ಮನುಷ್ಯನಿಗೆ ಸಾಮಾನ್ಯವಾದ ಸಂಜ್ಞಾಶಕ್ತಿ ಮತ್ತು ಅದರ ಒಟ್ಟು ವ್ಯಾಪಾರ ಲಾಂಗಾಜ್. ಒಂದು ಸಮುದಾಯ ಹಂಚಿಕೊಂಡಿರುವ ವ್ಯವಸ್ಥೆ ಲಾಂಗ್. ವ್ಯಕ್ತಿ ಆಡುವ ಕ್ರಿಯೆ ಪರೋಲ್. ಬ್ಯಾಸ್ಕಿನ್ ಅವರು ಲಾಂಗಾಜ್‌ಗೆ ‘ಸ್ಪೀಚ್’, ಲಾಂಗ್‌ಗೆ ‘ಲ್ಯಾಂಗ್ವೇಜ್’, ಪರೋಲ್‌ಗೆ ‘ಸ್ಪೀಕಿಂಗ್’ ಎಂದರು. ಹ್ಯಾರಿಸ್ ಅವರಲ್ಲಿ ‘ಲ್ಯಾಂಗ್ವೇಜ್’ ಲಾಂಗಾಜ್‌ನ ಕಡೆಗೆ ಸರಿಯಿತು, ‘ಸ್ಪೀಚ್’ ಪರೋಲ್ ಆಯಿತು, ಲಾಂಗ್‌ಗೆ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಪದಗುಚ್ಛಗಳು ಬಂದವು. ಅಂದರೆ ‘ಸ್ಪೀಚ್’ ಎಂಬ ಒಂದೇ ಪದ ಒಂದು ಅನುವಾದದಲ್ಲಿ ಸಮಗ್ರವನ್ನೂ ಇನ್ನೊಂದರಲ್ಲಿ ಅದರ ಒಂದು ಅಂಶವನ್ನೂ ಸೂಚಿಸುತ್ತದೆ. ಯಾವ ಪುಸ್ತಕ ಕೈಯಲ್ಲಿದೆ ಎಂಬುದನ್ನು ಹೇಳದೆ ‘ಸ್ಪೀಚ್’ ಎಂಬುದನ್ನು ‘ಮಾತು’ ಎಂದು ಅನುವಾದಿಸಿದ ಕನ್ನಡ ಟಿಪ್ಪಣಿಯನ್ನು ಓದುವ ವಿದ್ಯಾರ್ಥಿಗೆ ಇದು ತಿಳಿಯುವ ಬಗೆಯೇ ಇಲ್ಲ.

ಕನ್ನಡ ತರಗತಿಯಲ್ಲಿ ಸಾಮಾನ್ಯವಾಗಿ ಉಳಿದಿರುವುದು ‘ಭಾಷೆ ಮತ್ತು ಮಾತು’ ಎಂಬ ಜೋಡಿ. ಲಾಂಗಾಜ್ ಅಲ್ಲಿಲ್ಲ. ಇದನ್ನು ಕೇವಲ ಒಂದು ಪದದ ನಷ್ಟವೆಂದು ಉಪೇಕ್ಷಿಸಲಾಗದು. ಕನ್ನಡದಲ್ಲಿ ‘ಭಾಷೆ’ ಎಂದೊಡನೆ ಮನಸ್ಸಿಗೆ ಬರುವುದು ಹೆಸರುಳ್ಳ, ಲಿಪಿಯುಳ್ಳ, ಪಠ್ಯಪುಸ್ತಕವುಳ್ಳ ಭಾಷೆ: ಕನ್ನಡ ಭಾಷೆ, ತೆಲುಗು ಭಾಷೆ, ರಾಜ್ಯಭಾಷೆ. ಲಾಂಗ್ ಎಂಬುದು ಈ ಪದವನ್ನು ತೊಟ್ಟುಕೊಂಡಾಗ ‘ವ್ಯವಸ್ಥೆ’ ಎಂಬುದರ ಜಾಗದಲ್ಲಿ ‘ಪ್ರಮಾಣ’ ಬಂದು ಕೂರುತ್ತದೆ. ಪ್ರಮಾಣಕ್ಕೆ ಹೊಂದದ ಎಲ್ಲವೂ ‘ಮಾತು’ ಎಂಬ ಇನ್ನೊಂದು ಪೆಟ್ಟಿಗೆಗೆ ಬೀಳುತ್ತದೆ. ಆಗ ಗಡಿಯೂರಿನ ಕನ್ನಡಕ್ಕೆ ತನ್ನದೇ ವ್ಯವಸ್ಥೆ ಇರಬಹುದೆಂಬ ಸಾಧ್ಯತೆ ಪರಿಭಾಷೆಯ ಹಂತದಲ್ಲೇ ಮುಚ್ಚಿಹೋಗುತ್ತದೆ. ಅಧ್ಯಯನ ಆರಂಭವಾಗುವ ಮೊದಲೇ ಅದು ‘ತೆಲುಗಿನ ಪ್ರಭಾವ’ ಎಂಬ ಅಧ್ಯಾಯದಲ್ಲಿ ಒಂದು ಪಟ್ಟಿಯಾಗಿರುತ್ತದೆ.

3. ಪೆರೋಲ್, ಮಾತು, ನುಡಿ

ಇಂಗ್ಲಿಷಿಗೆ ಇದ್ದ ಕೊರತೆ ಕನ್ನಡಕ್ಕೆ ಇಲ್ಲ. ಇಂಗ್ಲಿಷಿನಲ್ಲಿ ಲಾಂಗಾಜ್, ಲಾಂಗ್ ಎರಡಕ್ಕೂ ದಿನಬಳಕೆಯ ಪದ ಒಂದೇ. ಕನ್ನಡದಲ್ಲಿ ಭಾಷೆ, ನುಡಿ, ಮಾತು ಎಂಬ ಮೂರು ಪದಗಳು ಎಲ್ಲರ ಬಾಯಲ್ಲಿಯೂ ಇವೆ, ಮತ್ತು ಅವುಗಳ ಬಳಕೆಯ ಕ್ಷೇತ್ರಗಳು ಒಂದೇ ಅಲ್ಲ.

‘ಮಾತು’ ಮತ್ತು ಪರೋಲ್‌ಗಳ ಹೊಂದಿಕೆ ಗಮನಾರ್ಹವಾದುದು. ಫ್ರೆಂಚಿನಲ್ಲಿ ಪರೋಲ್ ಎಂದರೆ ಆಡುವ ಕ್ರಿಯೆ, ಆಡಿದ ಮಾತು, ಕೊಟ್ಟ ಮಾತು. ಯುದ್ಧಕೈದಿ ತಪ್ಪಿಸಿಕೊಳ್ಳುವುದಿಲ್ಲವೆಂದು ‘ಮಾತು ಕೊಟ್ಟು’ ಬಿಡುಗಡೆ ಪಡೆಯುವ ಪದ್ಧತಿಯಿಂದ ಆ ಪದ ಇಂಗ್ಲಿಷಿನ ಕಾನೂನಿಗೆ ಹೋಯಿತು. ಅಲ್ಲಿಂದ ಕನ್ನಡ ಪತ್ರಿಕೆಗಳ ‘ಪೆರೋಲ್ ಮೇಲೆ ಬಿಡುಗಡೆ’ ಆಯಿತು. ಹೀಗೆ ಒಂದೇ ಫ್ರೆಂಚ್ ಪದ ಕನ್ನಡಕ್ಕೆ ಎರಡು ಬಾರಿ ಬಂದಿದೆ, ಸೆರೆಮನೆಯ ಬಾಗಿಲಿನಿಂದ ಪೆರೋಲ್ ಆಗಿ, ತರಗತಿಯ ಬಾಗಿಲಿನಿಂದ ಪರೋಲ್ ಆಗಿ. ‘ಮಾತು ಕೊಡು’, ‘ಮಾತಿಗೆ ತಪ್ಪು’, ‘ಮಾತು ಉಳಿಸಿಕೊ’ ಎನ್ನುವ ಭಾಷಿಕರಿಗೆ ಎರಡೂ ಅರ್ಥ ಒಂದೇ ಪದದಲ್ಲಿ ಸಿದ್ಧವಾಗಿವೆ. ಮಾತು ಒಬ್ಬ ವ್ಯಕ್ತಿಯದು, ಆ ಕ್ಷಣದ್ದು, ಹೊಣೆಗಾರಿಕೆ ಉಳ್ಳದ್ದು. ಪರೋಲ್‌ಗೆ ಇದಕ್ಕಿಂತ ಸಮೀಪದ ಪದವನ್ನು ನಾವು ಹುಡುಕಬೇಕಾಗಿಲ್ಲ.

ಲಾಂಗ್‌ಗೆ ‘ನುಡಿ’ಯನ್ನು ಸೂಚಿಸುತ್ತೇವೆ. ತಾಯ್ನುಡಿ, ನಾಡನುಡಿ, ಊರ ನುಡಿ ಮುಂತಾದ ರಚನೆಗಳಲ್ಲಿ ಅದು ಒಂದು ಕೂಟ ಹಂಚಿಕೊಂಡದ್ದನ್ನು ಸೂಚಿಸುತ್ತದೆ. ಆ ಕೂಟ ರಾಜ್ಯದಷ್ಟು ದೊಡ್ಡದಿರಬಹುದು, ಊರಿನಷ್ಟು ಚಿಕ್ಕದಿರಬಹುದು. ಲಿಪಿ, ಸಾಹಿತ್ಯ, ಅಧಿಕೃತತೆಗಳನ್ನು ಅದು ಬೇಡುವುದಿಲ್ಲ. ‘ಭಾಷೆ’ಯನ್ನು ಲಾಂಗಾಜ್‌ಗೆ, ಅಂದರೆ ಮನುಷ್ಯಸಾಮಾನ್ಯವಾದ ಶಕ್ತಿಗೆ ಬಿಟ್ಟುಕೊಡಬಹುದು. ‘ಭಾಷಾವಿಜ್ಞಾನ’ ಎಂಬ ನಮ್ಮ ಶಿಸ್ತಿನ ಹೆಸರು ಆಗ ಹೆಚ್ಚು ಅರ್ಥವತ್ತಾಗುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ನುಡಿ ಕ್ರಿಯಾಪದವೂ ಹೌದು. ‘ಹೀಗೆ ನುಡಿದನು’ ಎಂಬಲ್ಲಿ ಅದು ಪರೋಲ್‌ಗೆ ಹತ್ತಿರ. ‘ಭಾಷೆ ಕೊಡು’ ಎಂಬಲ್ಲಿ ಭಾಷೆಯೂ ವಚನವೇ. ಈ ಆಕ್ಷೇಪಗಳನ್ನು ಒಪ್ಪುತ್ತೇವೆ. ಆದರೆ ಫ್ರೆಂಚಿನ ಪದಗಳೂ ಶಾಸ್ತ್ರಕ್ಕಾಗಿ ಹುಟ್ಟಿದವಲ್ಲ. ಲಾಂಗ್ ಎಂದರೆ ನಾಲಿಗೆಯೂ ಹೌದು. ದಿನಬಳಕೆಯ ಪದವೊಂದು ಪರಿಭಾಷೆಯಾಗುವುದು ಅದರ ಪಕ್ಕದ ಪದಗಳೊಡನೆ ಗೆರೆ ಎಳೆದುಕೊಂಡಾಗ. ಇನ್ನೊಂದು ಸ್ಪಷ್ಟನೆ ಅಗತ್ಯ. ಡಿ. ಎನ್. ಶಂಕರ ಭಟ್ ಅವರ ಈಚಿನ ಬರಹಗಳು ‘ನುಡಿ’ಯನ್ನು ‘ಭಾಷೆ’ಯ ಜಾಗದಲ್ಲಿ ವ್ಯಾಪಕವಾಗಿ ಬಳಸಿವೆ. ಅಲ್ಲಿಯ ಪ್ರಶ್ನೆ ಸಂಸ್ಕೃತ ಪದವೋ ಕನ್ನಡದ್ದೇ ಪದವೋ ಎಂಬುದು. ನಮ್ಮದು ಒಂದರ ಬದಲು ಇನ್ನೊಂದು ಎಂಬ ವಾದವಲ್ಲ. ಎರಡನ್ನೂ ಇಟ್ಟುಕೊಂಡು ಅವಕ್ಕೆ ಬೇರೆ ಬೇರೆ ಕೆಲಸ ಕೊಡಬೇಕೆಂಬ ವಾದ.

4. ಕೈಬಿಟ್ಟ ಕ್ರಮ

ಪರಿಭಾಷೆಯನ್ನು ಸರಿಪಡಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಲಾಂಗ್ ಎಂಬುದು ಏಕರೂಪದ ಸಮುದಾಯವನ್ನು ಪೂರ್ವಕಲ್ಪಿಸುತ್ತದೆಯಲ್ಲವೆ? ‘ಕೂರ್’ ಗ್ರಂಥವನ್ನು ಮೊದಲಿನಿಂದ ಓದುತ್ತ ಬಂದವರಿಗೆ ಹಾಗೆ ಅನಿಸುವುದು ಸಹಜ. ನುಡಿಗಳ ಭೌಗೋಳಿಕ ವೈವಿಧ್ಯದ ಚರ್ಚೆ ಅಲ್ಲಿ ನಾಲ್ಕನೆಯ ಭಾಗದಲ್ಲಿ, ಅಂದರೆ ಕೊನೆಯ ಹತ್ತಿರ ಬರುತ್ತದೆ. ತರಗತಿ ಅಲ್ಲಿಗೆ ತಲುಪುವುದು ಅಪರೂಪ.

ಆದರೆ ಆ ಕ್ರಮ ಸಂಪಾದಕರದು. 1910–11ರ ಮೂರನೆಯ ಉಪನ್ಯಾಸಮಾಲೆಯಲ್ಲಿ ಸಸ್ಯೂರ್ ಆರಂಭಿಸಿದ್ದು ‘ನುಡಿಗಳು’ ಎಂಬ ಬಹುವಚನದಿಂದ, ಅವುಗಳ ಭೌಗೋಳಿಕ ವೈವಿಧ್ಯದಿಂದ. ‘ನುಡಿ’ ಎಂಬ ಏಕವಚನದ ಸಾಮಾನ್ಯ ತತ್ತ್ವ ಅದರ ನಂತರ. ವ್ಯಕ್ತಿಯಲ್ಲಿ ಭಾಷಾಶಕ್ತಿಯ ವ್ಯಾಪಾರವನ್ನು ಕುರಿತ ಮೂರನೆಯ ಭಾಗವನ್ನು ಅವರು ಬೋಧಿಸಲಿಲ್ಲ, 1913ರಲ್ಲಿ ತೀರಿಕೊಂಡರು. 1957ರಲ್ಲಿ ಗೊದೆಲ್ ಅವರು ಹಸ್ತಪ್ರತಿ ಆಕರಗಳನ್ನು ಪರಿಶೀಲಿಸಿದ ಮೇಲೆ ಈ ವ್ಯತ್ಯಾಸ ಸ್ಪಷ್ಟವಾಯಿತು. ಗ್ರಂಥದ ಸುಪ್ರಸಿದ್ಧ ಕೊನೆಯ ವಾಕ್ಯವೂ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಇಲ್ಲದ್ದು ಎಂಬುದು ಆಗಲೇ ತಿಳಿಯಿತು.

ಹಿಂದಕ್ಕೆ ಸರಿಸಲಾದ ಆ ಭಾಗದಲ್ಲಿ ಒಂದೇ ನೆಲದಲ್ಲಿ ಹಲವು ನುಡಿಗಳು ಸಹಜೀವಿಸುವುದರ ಪ್ರಸ್ತಾಪವಿದೆ. ಬ್ರಿಟನಿ, ಐರ್ಲೆಂಡ್‌ಗಳ ನಿದರ್ಶನಗಳಿವೆ. ಉಪನುಡಿಗಳಿಗೆ ಸಹಜವಾದ ಗಡಿಗಳಿಲ್ಲ, ಲಕ್ಷಣಗಳು ಅಲೆಗಳಂತೆ ಹರಡುತ್ತವೆ ಎಂಬ ನಿಲುವಿದೆ. ಪಾವಗಡವನ್ನು ಬಲ್ಲವರಿಗೆ ಇದು ಪರಿಚಿತ ನೋಟ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ತಾಲ್ಲೂಕು ಅದು. ಮಧುಗಿರಿಯಿಂದ ಅಲ್ಲಿಗೆ ಹೋಗುವ ದಾರಿಯೇ ನಡುವೆ ಆಂಧ್ರದ ನೆಲವನ್ನು ಹಾಯುತ್ತದೆ. ಪಾವಗಡ ಮೈಸೂರು ಸಂಸ್ಥಾನದಲ್ಲಿತ್ತು, ನೆರೆಯ ಮಡಕಶಿರಾ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953, 1956ರ ಬಳಿಕ ಅದೇ ಆಡಳಿತದ ಗೆರೆ ಭಾಷೆಯ ಗೆರೆ ಎಂಬ ಹೆಸರು ಪಡೆಯಿತು. ಗೆರೆಯ ಈಚೆ ತೆಲುಗಿನ ಮನೆಗಳಿವೆ, ಆಚೆ ಕನ್ನಡದ ಮನೆಗಳಿವೆ. ಸಸ್ಯೂರ್ ತಮ್ಮ ಕೊನೆಯ ಮಾಲೆಯನ್ನು ಎಲ್ಲಿಂದ ಆರಂಭಿಸಿದರೋ ಅಲ್ಲಿಂದಲೇ ನಮ್ಮ ತರಗತಿಯೂ ಆರಂಭವಾದರೆ, ರಾಯಚರ್ಲುವಿನ ಮಗು ಮೊದಲ ಪಾಠದಲ್ಲೇ ಬರುತ್ತದೆ. ಕೊನೆಯ ಪಾಠದ ಅಪವಾದವಾಗಿ ಉಳಿಯುವುದಿಲ್ಲ.

5. ‘ನಾವು’ ಎಂಬುದರ ಮೌಲ್ಯ

ಗಡಿಸೀಮೆಗೆ ನೆರವಾಗುವ ಪರಿಕಲ್ಪನೆ ಸಸ್ಯೂರ್ ಅವರಲ್ಲೇ ಇದೆ. ಅದು ವಾಲರ್, ಅಂದರೆ ಮೌಲ್ಯ. ಒಂದು ಪದದ ಮೌಲ್ಯವನ್ನು ನಿರ್ಧರಿಸುವುದು ಅದರ ಸುತ್ತಲಿನ ಇತರ ಪದಗಳು. ಫ್ರೆಂಚಿನ ‘ಮುತೋ’ ಕುರಿಗೂ ಅದರ ಮಾಂಸಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಮಾಂಸಕ್ಕೆ ‘ಮಟನ್’ ಎಂಬ ಬೇರೆ ಪದವಿರುವುದರಿಂದ ‘ಶೀಪ್’ ಎಂಬುದರ ಮೌಲ್ಯ ಬೇರೆ. ಸಸ್ಯೂರ್ ಅವರ ಈ ಉದಾಹರಣೆಗೆ ನಮ್ಮ ಕಡೆಯಿಂದ ಒಂದು ಸೇರ್ಪಡೆ ಸಾಧ್ಯ. ಅದೇ ‘ಮಟನ್’ ಕನ್ನಡಕ್ಕೆ ಬಂದು, ನಮ್ಮ ಅಂಗಡಿಬೀದಿಯಲ್ಲಿ ಕುರಿ, ಮೇಕೆ ಎರಡರ ಮಾಂಸವನ್ನೂ ಒಳಗೊಂಡು, ಮೂರನೆಯ ಮೌಲ್ಯವೊಂದನ್ನು ಪಡೆದಿದೆ.

ವ್ಯಾಕರಣದಿಂದ ಅವರು ಕೊಡುವ ನಿದರ್ಶನ ಬಹುವಚನ. ಸಂಸ್ಕೃತದಲ್ಲಿ ದ್ವಿವಚನವಿದೆ, ಆದ್ದರಿಂದ ಸಂಸ್ಕೃತದ ಬಹುವಚನವೂ ಫ್ರೆಂಚಿನ ಬಹುವಚನವೂ ಸಮಾನ ಮೌಲ್ಯದವಲ್ಲ. ಇದೇ ದಾರಿಯಲ್ಲಿ ಕನ್ನಡದ ‘ನಾವು’ ಪದವನ್ನು ನೋಡೋಣ. ತೆಲುಗು ಉತ್ತಮಪುರುಷ ಬಹುವಚನದಲ್ಲಿ ಎರಡು ರೂಪಗಳನ್ನು ಉಳಿಸಿಕೊಂಡಿದೆ. ಕೇಳುಗರನ್ನು ಹೊರಗಿಡುವುದು ‘ಮೇಮು’, ಒಳಗೊಳ್ಳುವುದು ‘ಮನಂ’. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ, ‘ನಾವು’ ಒಂದೇ. ಈ ಲೇಖನವನ್ನು ತೆಲುಗಿನಲ್ಲಿ ಬರೆದಿದ್ದರೆ, ವಾದಿಸುವ ‘ನಾವು’ ಯಾರು, ಓದುಗರೊಡನೆ ನೋಡುವ ‘ನಾವು’ ಯಾರು ಎಂಬುದನ್ನು ಪ್ರತಿ ವಾಕ್ಯದಲ್ಲೂ ನಿರ್ಧರಿಸಬೇಕಾಗುತ್ತಿತ್ತು.

ಎರಡೂ ನುಡಿಗಳನ್ನು ಬಾಲ್ಯದಿಂದ ಆಡುವ ಒಬ್ಬಾಕೆ ನೆರೆಮನೆಯವಳಿಗೆ ಕನ್ನಡದಲ್ಲಿ ‘ನಾಳೆ ನಾವು ಮಧುಗಿರಿಗೆ ಹೋಗ್ತೀವಿ’ ಎನ್ನುತ್ತಾಳೆಂದು ಇಟ್ಟುಕೊಳ್ಳೋಣ. ಇಲ್ಲಿಯ ‘ನಾವು’ ಕುರಿತು ಮೂರು ವಿವರಣೆಗಳು ಸಾಧ್ಯ. ಒಂದು, ಆಕೆಯಲ್ಲಿ ಎರಡು ನುಡಿಗಳು ಬೇರೆಬೇರೆಯಾಗಿದ್ದು, ಕನ್ನಡದ ‘ನಾವು’ ಕನ್ನಡದೊಳಗಿನ ಮೌಲ್ಯವನ್ನಷ್ಟೇ ಪಡೆದಿದೆ. ಎರಡು, ಆಕೆಗೆ ‘ನಾವು’ ಎಂಬುದು ಮೇಮು, ಮನಂ ಎರಡಕ್ಕೂ ಸಮಾನವಾದ ಒಂದು ಹೊರರೂಪ. ಭೇದ ಒಳಗೆ ಉಳಿದಿದೆ. ಮೂರು, ಕನ್ನಡದಲ್ಲೇ ಇರುವ ‘ನಾವು ನೀವು’, ‘ನಾವೆಲ್ಲ’ ಮುಂತಾದ ಸಾಮಗ್ರಿಯನ್ನು ಕ್ರಮಬದ್ಧವಾಗಿ ಬಳಸಿ, ಆಕೆಯ ಊರ ನುಡಿ ಆ ಭೇದವನ್ನು ಕನ್ನಡದೊಳಗೆ ಮತ್ತೆ ಕಟ್ಟಿಕೊಂಡಿದೆ. ಮೊದಲೆರಡರ ನಡುವಿನ ವ್ಯತ್ಯಾಸ ಉರಿಯೆಲ್ ವೈನ್‌ರೈಕ್ ಅವರು 1953ರಲ್ಲಿ ದ್ವಿಭಾಷಿಕರ ಸಂಜ್ಞೆಗಳನ್ನು ವಿಂಗಡಿಸಿದ ಬಗೆಗೆ ಹತ್ತಿರವಾದುದು. ಮೂರನೆಯದು ಹೊಸ ವ್ಯವಸ್ಥೆಯ ಹುಟ್ಟು.

‘ತೆಲುಗಿನ ಪ್ರಭಾವ’ ಎಂಬ ಶೀರ್ಷಿಕೆಯಡಿ ಈ ಮೂರನ್ನೂ ಒಂದೇ ಪಟ್ಟಿಗೆ ಸೇರಿಸಬಹುದು. ಆಗ ಅವುಗಳ ವ್ಯತ್ಯಾಸ ಕಾಣಿಸುವುದಿಲ್ಲ. ಮೌಲ್ಯವನ್ನು ಕೇಳಿದರೆ ಕಾಣಿಸುತ್ತದೆ. ಅದಕ್ಕೆ ಪದಪಟ್ಟಿ ಸಾಲದು. ಕೇಳುಗರು ಒಳಗಿರುವ ಮತ್ತು ಹೊರಗಿರುವ ಸನ್ನಿವೇಶಗಳಲ್ಲಿ, ಅದೇ ವ್ಯಕ್ತಿಯ ಕನ್ನಡ ಮತ್ತು ತೆಲುಗು ಎರಡನ್ನೂ, ಅದೇ ಮನೆಯಲ್ಲಿ ದಾಖಲಿಸಬೇಕು. ಕನ್ನಡದ ಸಂಶೋಧಕರು ಕನ್ನಡವನ್ನಷ್ಟೇ, ತೆಲುಗಿನ ಸಂಶೋಧಕರು ತೆಲುಗನ್ನಷ್ಟೇ ಬರೆದುಕೊಂಡು ಬಂದರೆ ಈ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ.

6. ಅವಸರದ ಕಾರಣಗಳು

ಪ್ರಭಾವವಾದದ ಇನ್ನೊಂದು ತೊಂದರೆ ಅದರ ಅವಸರ. ತೆಲುಗಿನಲ್ಲಿ ಏಕವಚನದ ಸ್ತ್ರೀ ಮತ್ತು ಅಮಾನುಷ ಕರ್ತೃಗಳಿಗೆ ಕ್ರಿಯಾರೂಪ ಒಂದೇ: ‘ಅಮ್ಮ ವಚ್ಚಿಂದಿ’, ‘ಆವು ವಚ್ಚಿಂದಿ’. ಕನ್ನಡದಲ್ಲಿ ‘ಬಂದಳು’, ‘ಬಂತು’ ಬೇರೆ ಬೇರೆ. ಶಾಲೆಯಲ್ಲಿ ಒಂದು ಮಗು ‘ನಮ್ಮವ್ವ ಬಂತು’ ಎಂದರೆ ತೆಲುಗಿನ ಪ್ರಭಾವವೆಂದು ಬರೆದುಬಿಡುವುದು ಸುಲಭ. ಆದರೆ ಸಲಿಗೆಯಿಂದ, ಅಕ್ಕರೆಯಿಂದ ಮನುಷ್ಯರಿಗೆ ನಪುಂಸಕ ರೂಪ ಬಳಸುವುದು ಕನ್ನಡದ ಆಡುಮಾತಿನೊಳಗೇ ಇದೆ. ಆ ಮಗುವಿನ ನುಡಿಯಲ್ಲಿ ‘ಬಂದಳು’, ‘ಬಂತು’, ‘ಬಂದರು’ ಮೂರೂ ಇವೆಯೆ, ಇದ್ದರೆ ಯಾರಿಗೆ ಯಾವುದು ಎಂಬುದನ್ನು ತಿಳಿಯದೆ ಕಾರಣವನ್ನು ನಿರ್ಣಯಿಸಲಾಗದು. ಮೊದಲು ವ್ಯವಸ್ಥೆ, ಆಮೇಲೆ ಕಾರಣ ಎಂಬುದು ಸಸ್ಯೂರ್ ಅವರಿಂದ ಕಲಿಯಬೇಕಾದ ಪಾಠ. ನಮ್ಮಲ್ಲಿ ಅವರ ಪದಗಳು ಉಳಿದು ಈ ಪಾಠ ತಪ್ಪಿದೆ.

ಗಂಪರ್ಜ್ ಮತ್ತು ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಕುಪ್ವಾಡ ಅಧ್ಯಯನವನ್ನು ಇಲ್ಲಿ ನೆನೆಯುವುದು ಉಚಿತ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಜೊತೆಯಾಗಿದ್ದವು. ಪದಗಳು ಬೇರೆಬೇರೆಯಾಗಿ ಉಳಿದು ವಾಕ್ಯರಚನೆ ಒಂದರತ್ತ ಒಂದು ಸರಿದ ಬಗೆಯನ್ನು ಅವರು ತೋರಿಸಿದರು. ಅದು ಬೇರೆ ಬೇರೆ ಭಾಷಾಕುಟುಂಬಗಳ ನಡುವಣ ಒಮ್ಮುಖ; ಆದ್ದರಿಂದ ಕಣ್ಣಿಗೆ ಬಿತ್ತು. ಮಧುಗಿ‌ರಿ–ಪಾವಗಡ ಸೀಮೆಯಲ್ಲಿ ಎದುರುಬದುರಾಗಿರುವುದು ಒಂದೇ ಕುಟುಂಬದ ಎರಡು ನುಡಿಗಳು. ವಾಕ್ಯರಚನೆ ಮೊದಲೇ ಬಹುಮಟ್ಟಿಗೆ ಸಮಾನ. ಇಲ್ಲಿ ನಡೆಯುವ ಬದಲಾವಣೆ ‘ನಾವು’, ‘ಬಂತು’ಗಳಂತಹ ಸಣ್ಣ ರೂಪಗಳ ಮೌಲ್ಯದಲ್ಲಿ ಅಡಗಿರುತ್ತದೆ. ಅದನ್ನು ಕಾಣಲು ಹೆಚ್ಚು ಸೂಕ್ಷ್ಮವಾದ ಸಾಧನ ಬೇಕು. ‘ಭಾಷೆ–ಮಾತು’ ಎಂಬ ಜೋಡಿ ಆ ಸಾಧನವಲ್ಲ.

7. ಉಪಸಂಹಾರ

ನಮ್ಮ ವಾದವನ್ನು ಹೀಗೆ ಸಂಗ್ರಹಿಸಬಹುದು. ಲಾಂಗಾಜ್, ಲಾಂಗ್, ಪರೋಲ್‌ಗಳಿಗೆ ಭಾಷೆ, ನುಡಿ, ಮಾತು ಎಂಬ ಪದಗಳನ್ನು ಕ್ರಮವಾಗಿ ಬಳಸಿದರೆ ಮೂಲದ ಮೂರು ಭೇದಗಳು ಕನ್ನಡದಲ್ಲಿ ಉಳಿಯುತ್ತವೆ. ಇಂಗ್ಲಿಷಿನ ಮಧ್ಯಸ್ಥಿಕೆ ಇಲ್ಲದೆ ಕನ್ನಡ ಅವನ್ನು ಹೇಳಬಲ್ಲದು. ಬೋಧನೆಯನ್ನು ನುಡಿಗಳ ವೈವಿಧ್ಯದಿಂದ ಆರಂಭಿಸುವುದು ಸಸ್ಯೂರ್ ಅವರ ಕೊನೆಯ ಕ್ರಮಕ್ಕೂ ನಮ್ಮ ನೆಲದ ವಾಸ್ತವಕ್ಕೂ ನಿಷ್ಠವಾದುದು. ಗಡಿಸೀಮೆಯ ವಿವರಣೆಯಲ್ಲಿ ಪ್ರಭಾವಗಳ ಪಟ್ಟಿಗಿಂತ ಮೊದಲು ಮೌಲ್ಯಗಳ ವಿವರ ಬರಬೇಕು.

ಇದು ಪರಿಭಾಷೆಯ ಅಚ್ಚುಕಟ್ಟಿಗಾಗಿ ಮಾಡಿದ ವಾದವಲ್ಲ. ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದೇ ಸ್ಥಾನವಿದೆ. ತಿಳಿದಿರುವ ಇತರ ಭಾಷೆಗಳಿಗೆ ಅದರ ಪಕ್ಕದಲ್ಲಿ ಇನ್ನೆರಡು. ಎರಡು ನುಡಿಗಳ ಮನೆಯವರು ಅಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕು. ಶಾಲೆಯ ಉತ್ತರಪತ್ರಿಕೆಯಲ್ಲಿ ಊರ ನುಡಿಯ ರೂಪಕ್ಕೆ ಕೆಂಪು ಗೆರೆ ಬೀಳುತ್ತದೆ. ಗಣತಿಯವರಿಗೆ, ಶಿಕ್ಷಕರಿಗೆ ತಮ್ಮ ತಮ್ಮ ಅನಿವಾರ್ಯಗಳಿವೆ. ಭಾಷಾವಿಜ್ಞಾನಿಗೆ ಅಂತಹ ಅನಿವಾರ್ಯವಿಲ್ಲ. ಆದರೂ ನಮ್ಮ ಪ್ರಬಂಧಗಳು ಆ ಕೆಂಪು ಗೆರೆಯನ್ನೇ ‘ಪ್ರಭಾವ’ ಎಂಬ ಹೆಸರಿನಲ್ಲಿ ಮತ್ತೆ ಎಳೆಯುತ್ತಿದ್ದರೆ, ತಪ್ಪು ಆ ಮಗುವಿನ ಕನ್ನಡದಲ್ಲಿಲ್ಲ, ನಾವು ಅದನ್ನು ಕೇಳಿಸಿಕೊಳ್ಳುವ ಪರಿಯಲ್ಲಿದೆ. ‘ಕೆರೆ’ ಮತ್ತು ‘ಚೆರುವು’ ಎರಡನ್ನೂ ಬಲ್ಲ ಮಗುವಿಗೆ, ನಾವು ಸ್ನಾತಕೋತ್ತರ ತರಗತಿಯಲ್ಲಿ ಕಲಿಸುವ ಧ್ವನಿನಿಯಮದ ಎರಡೂ ತುದಿಗಳು ಈಗಾಗಲೇ ಗೊತ್ತಿವೆ. ಅಧ್ಯಯನ ಅಲ್ಲಿಂದ ಆರಂಭವಾಗಲಿ.